ಹಿಮ್ಮೇಳಕ್ಕೆ ಮುಮ್ಮೇಳ ಕೂಡಿಸಲು ಬ್ಲೆಂಡರ್ ಸಾಕೇ?

ಯಕ್ಷಗಾನದ ಪದ್ಯವೊಂದಕ್ಕೆ ಕಂಪ್ಯೂಟರಿನಲ್ಲಿ ಗೊಂಬೆ ಕುಣಿಸಲು ಹೊರಟವರು ಮೊದಲು ಎಡವುವುದು ತಾಳದಲ್ಲಿ. ಚೆಂಡೆಯ ಪೆಟ್ಟು ಬಿದ್ದು ಮುಗಿದ ಮೇಲೆ ಗೊಂಬೆಯ ಕಾಲು ನೆಲ ಮುಟ್ಟಿದರೆ, ಕುಂಬಳೆಯ ಆಸುಪಾಸಿನಲ್ಲಿ ಆಟ ನೋಡಿ ಬೆಳೆದ ಮಗುವಿಗೂ ಅದು ಗೊತ್ತಾಗಿಬಿಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲಿಟಲ್ ಕೈಟ್ಸ್ (ಕೇರಳದ ಶಾಲೆಗಳ ಐಟಿ ಕ್ಲಬ್) ಮಕ್ಕಳಿಗೂ ಅವರ ಅಧ್ಯಾಪಕರಿಗೂ ಕಾಸಿಲ್ಲದೆ ಸಿಗುವ ಆನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್ ಈ ಕೆಲಸಕ್ಕೆ ಎಷ್ಟು ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆ. ಇಲ್ಲಿ ಹೇಳಿದ್ದೆಲ್ಲ 4.2 ಆವೃತ್ತಿಯ ಬಗ್ಗೆ.

ಧ್ವನಿಗಾಗಿ ಬೇರೆ ಸಾಫ್ಟ್‌ವೇರ್ ಬೇಡ ಎನ್ನುವುದು ಇದರ ದೊಡ್ಡ ಅನುಕೂಲ. ವಿಡಿಯೋ ಸೀಕ್ವೆನ್ಸರ್ (ಚಿತ್ರ, ಧ್ವನಿಗಳನ್ನು ಜೋಡಿಸುವ ಕಿಟಕಿ) ತೆರೆದು, ಆಡ್ ಮೆನುವಿನಲ್ಲಿ ಸೌಂಡ್ ಆರಿಸಿ, ಫೈಲನ್ನು 1ನೇ ಫ್ರೇಮಿಗೆ, ಅಂದರೆ ಚಲನೆಯ ಮೊದಲ ಬಿಡಿಚಿತ್ರಕ್ಕೆ, ಕೂರಿಸಿದರೆ ಮುಗಿಯಿತು. ಫೈಲು 48000 ಹರ್ಟ್ಸಿನ ವೇವ್ ಆಗಿರಲಿ. ಎಂಪಿ3 ಮಾಡುವಾಗ ಆರಂಭದಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುವುದುಂಟು. ಮೊದಲ ಪೆಟ್ಟೇ ಅಷ್ಟು ತಡವಾಗಿ ಬೀಳುತ್ತದೆ.

ದೊಡ್ಡ ಕುಂದು ಇರುವುದು ಟೈಮ್‌ಲೈನಿನ ಪ್ಲೇಬ್ಯಾಕ್ ಮೆನುವಿನಲ್ಲಿ. ಅಲ್ಲಿ ಸಿಂಕ್ ಎಂಬಲ್ಲಿ ಸಾಮಾನ್ಯವಾಗಿ ‘ಪ್ಲೇ ಎವ್ರಿ ಫ್ರೇಮ್’ ಇರುತ್ತದೆ. ಶಾಲೆಯ ಹಳೆಯ ಲ್ಯಾಪ್‌ಟಾಪಿಗೆ ಸೆಕೆಂಡಿಗೆ 24 ಫ್ರೇಮ್ ತೋರಿಸುವ ಶಕ್ತಿ ಇಲ್ಲದಿದ್ದರೆ ಚಿತ್ರ ನಿಧಾನವಾಗುತ್ತದೆ, ಹಾಡು ಮಾತ್ರ ತನ್ನ ವೇಗದಲ್ಲೇ ಓಡುತ್ತದೆ. ಕೀಫ್ರೇಮ್‌ಗಳು (ಗೊಂಬೆಯ ಭಂಗಿಯನ್ನು ಗುರುತಿಸಿಟ್ಟ ಫ್ರೇಮ್‌ಗಳು) ಸರಿಯಾದ ಜಾಗದಲ್ಲೇ ಇದ್ದರೂ ತಾಳ ತಪ್ಪಿದಂತೆ ಕಾಣುತ್ತದೆ. ಕಲಿಯುವವರು ಇದನ್ನು ನಂಬಿ ಒಂದೊಂದೇ ಕೀಫ್ರೇಮನ್ನು ಹಿಂದಕ್ಕೆ ಎಳೆಯುತ್ತಾ ಹೋಗುತ್ತಾರೆ. ಸರಿಯಿದ್ದ ಕೆಲಸ ಹೀಗೆ ಕೆಡುತ್ತದೆ. ಗೊಂಬೆ ಕಾಣುವ ಕಿಟಕಿಯಾದ ವ್ಯೂಪೋರ್ಟಿನ ಮೂಲೆಯಲ್ಲಿ ಫ್ರೇಮ್ ವೇಗದ ಅಂಕಿ ಕೆಂಪಾಗಿದ್ದರೆ ಏನನ್ನೂ ಮುಟ್ಟಬಾರದು. ಮೊದಲು ‘ಸಿಂಕ್ ಟು ಆಡಿಯೋ’ ಆರಿಸಬೇಕು. ಆಗ ಚಿತ್ರ ನಡುನಡುವೆ ಹಾರುತ್ತದೆ, ಆದರೆ ತಾಳ ಬಿಡುವುದಿಲ್ಲ. ಜತೆಗೆ ಆಡಿಯೋ ಸ್ಕ್ರಬ್ಬಿಂಗ್ ಹಾಕಿಟ್ಟರೆ ಒಂದೊಂದೇ ಫ್ರೇಮ್ ಸರಿಸುವಾಗಲೂ ಪೆಟ್ಟು ಕೇಳಿಸುತ್ತದೆ. ಇಷ್ಟು ಮುಖ್ಯವಾದ ಆಯ್ಕೆಯನ್ನು ಮೆನುವಿನೊಳಗೆ ಅಡಗಿಸಿಟ್ಟದ್ದು ಸರಿಯಲ್ಲ.

ಫ್ರೇಮ್ ದರವನ್ನು ಮೊದಲ ದಿನವೇ ನಿಶ್ಚಯಿಸಿ, ಮತ್ತೆ ಬದಲಿಸಬೇಡಿ. ಧ್ವನಿಗೆ ಗೊತ್ತಿರುವುದು ಸೆಕೆಂಡಿನ ಲೆಕ್ಕ, ಕೀಫ್ರೇಮಿಗೆ ಗೊತ್ತಿರುವುದು ಫ್ರೇಮಿನ ಲೆಕ್ಕ. 24ರ ದರದಲ್ಲಿ 240ನೇ ಫ್ರೇಮ್ ಬರುವುದು 10ನೇ ಸೆಕೆಂಡಿಗೆ. ದರವನ್ನು 25 ಮಾಡಿದರೆ ಅದೇ ಫ್ರೇಮ್ 9.6 ಸೆಕೆಂಡಿಗೇ ಬಂದುಬಿಡುತ್ತದೆ. ಸೀಕ್ವೆನ್ಸರಿಗೆ ವಿಡಿಯೋ ಸೇರಿಸುವಾಗ ‘ಯೂಸ್ ಮೂವಿ ಫ್ರೇಮ್‌ರೇಟ್’ ಎಂಬ ಗುರುತು ಇದ್ದರೆ ಇಡೀ ದೃಶ್ಯದ ದರ ಹೇಳದೆ ಕೇಳದೆ ಬದಲಾಗುತ್ತದೆ, ಅದನ್ನು ತೆಗೆದುಬಿಡಿ. ಮೊಬೈಲಿನಲ್ಲಿ ತೆಗೆದ ಆಟದ ವಿಡಿಯೋವನ್ನು ನೋಡಿಕೊಂಡು ಕುಣಿಸುವವರಿಗೆ ಇನ್ನೊಂದು ಮಾತು: ಹಲವು ಮೊಬೈಲುಗಳ ಫ್ರೇಮ್ ದರ ಏರುಪೇರಾಗುತ್ತಿರುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಕದಲ್ಲಿ ಸ್ಥಿರ ದರಕ್ಕೆ ಇಳಿಸಿಕೊಳ್ಳದಿದ್ದರೆ ಆರಂಭದಲ್ಲಿ ಕೂಡಿದ್ದು ಕೊನೆಗೆ ಬೇರೆಯಾಗಿರುತ್ತದೆ.

ಸಿನಿಮಾ ಹಾಡಾದರೆ ನಿಮಿಷಕ್ಕಿಷ್ಟು ಬೀಟ್ ಎಂದು ಲೆಕ್ಕ ಹಾಕಿ ಕೀಫ್ರೇಮ್ ಇಡಬಹುದು. ಭಾಗವತರ ಪದ್ಯಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಪದ್ಯ ಮುಂದುವರಿದಂತೆ ಕಾಲ ಏರುತ್ತದೆ. ಇಲ್ಲಿ ಬ್ಲೆಂಡರಿನ ಮಾರ್ಕರ್ ಚೆನ್ನಾಗಿ ಒದಗುತ್ತದೆ. ಹಾಡು ಓಡುತ್ತಿರುವಾಗಲೇ ಟೈಮ್‌ಲೈನಿನ ಮೇಲೆ ಮೌಸ್ ಇಟ್ಟು, ತಾಳ ಹಾಕಿದಂತೆ ಎಂ ಕೀಲಿ ಒತ್ತುತ್ತಾ ಹೋದರೆ ಪ್ರತಿ ಪೆಟ್ಟಿಗೊಂದು ಗುರುತು ಬೀಳುತ್ತದೆ. ಬೆರಳು ಕಿವಿಗಿಂತ ತುಸು ತಡ, ಹಾಗಾಗಿ ಕೆಲವು ಗುರುತುಗಳು ಒಂದೆರಡು ಫ್ರೇಮ್ ತಡವಾಗಿ ಬಿದ್ದಿರುತ್ತವೆ. ಸೀಕ್ವೆನ್ಸರಿನಲ್ಲಿ ಅಲೆಯ ಚಿತ್ರ ನೋಡಿ ಸರಿಸಿಕೊಳ್ಳಿ. ಚೆಂಡೆಯ ಪೆಟ್ಟು ಅಲೆಯಲ್ಲಿ ಚೂಪಾಗಿ ಏಳುವುದರಿಂದ ಹುಡುಕುವುದು ಕಷ್ಟವಲ್ಲ.

ಧ್ವನಿಯಿಂದಲೇ ಚಲನೆ ಹುಟ್ಟಿಸುವ ‘ಸೌಂಡ್ ಟು ಸ್ಯಾಂಪಲ್ಸ್’ ಚಲನೆಯನ್ನು ರೇಖೆಯಾಗಿ ತೋರಿಸುವ ಗ್ರಾಫ್ ಎಡಿಟರಿನಲ್ಲಿದೆ. ಬೇಕಾದ ಚಾನಲಿಗೆ (ಜಾಗ, ತಿರುವು, ಬೆಳಕಿನಂಥ ಬದಲಾಗುವ ಗುಣಕ್ಕೆ) ಒಂದು ಕೀಫ್ರೇಮ್ ಇಟ್ಟು, ಮರೆಯದೆ 1ನೇ ಫ್ರೇಮಿಗೆ ಬಂದು, ಆಮೇಲೆ ಅದನ್ನು ನಡೆಸಬೇಕು. ನಿಂತ ಫ್ರೇಮಿನಿಂದಲೇ ಅದು ಲೆಕ್ಕ ಶುರುಮಾಡುತ್ತದೆ. ರಿಲೀಸ್, ಅಂದರೆ ಪೆಟ್ಟಿನ ರೇಖೆ ಇಳಿಯಲು ತಗಲುವ ಕಾಲ, 0.2 ಸೆಕೆಂಡ್ ಎಂದಿರುತ್ತದೆ. ಚೆಂಡೆಯ ಬಿರುಸಿನ ಉರುಳಿಕೆಯಲ್ಲಿ ಒಂದು ಪೆಟ್ಟಿನ ರೇಖೆ ಇಳಿಯುವ ಮೊದಲೇ ಇನ್ನೊಂದು ಬಂದು ಎಲ್ಲವೂ ಒಂದೇ ದಿಣ್ಣೆಯಾಗುತ್ತದೆ, ಆದ್ದರಿಂದ ಅದನ್ನು 0.05ರ ಹತ್ತಿರಕ್ಕೆ ಇಳಿಸಿ. ಕಿರೀಟದ ಕಂಪನ, ದೀಪದ ಬೆಳಕಿನ ಏರಿಳಿತ ಇಂಥವಕ್ಕೆ ಇದು ಸೊಗಸು. ಹೆಜ್ಜೆಗೆ ಬೇಡ. ಹೆಜ್ಜೆ ಪೆಟ್ಟಿಗಿಂತ ಮೊದಲೇ ಏಳಬೇಕು. ಈ ಸಾಧನಕ್ಕೆ ಪೆಟ್ಟು ಬಿದ್ದ ಮೇಲಷ್ಟೇ ಗೊತ್ತಾಗುವುದು.

ಅರ್ಥಗಾರಿಕೆಯ ಮಾತಿಗೆ ತುಟಿ ಕೂಡಿಸುವ ವ್ಯವಸ್ಥೆ ಬ್ಲೆಂಡರಿನಲ್ಲಿ ತಾನಾಗಿ ಇಲ್ಲ. ರೂಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ಸಾಧನ ವೇವ್ ಫೈಲು ಓದಿ ಬಾಯಿಯ ಆಕಾರಗಳ ಪಟ್ಟಿ ಕೊಡುತ್ತದೆ. ಅದು ಮೂಲತಃ ಇಂಗ್ಲಿಷಿಗೆ ಮಾಡಿದ್ದು, ಕನ್ನಡಕ್ಕೆ ಫೊನೆಟಿಕ್ ಎಂಬ ಆಯ್ಕೆಯನ್ನೇ ಬಳಸಬೇಕು. ಬಂದದ್ದನ್ನು ಕೈಯಿಂದ ತಿದ್ದುವಾಗ ಪ, ಬ, ಮಗಳಿಗೆ ತುಟಿ ಪೂರ್ತಿ ಮುಚ್ಚಿದೆಯೇ ನೋಡಿ. ‘ಅಪ್ಪ’, ‘ಅಮ್ಮ’ದಂಥ ಒತ್ತಕ್ಷರಗಳಲ್ಲಿ ಮುಚ್ಚಿದ ತುಟಿ ಎರಡು ಮೂರು ಫ್ರೇಮ್ ನಿಲ್ಲಬೇಕು, ಇಲ್ಲದಿದ್ದರೆ ‘ಅಪ’ ಎಂದಂತೆ ಕಾಣುತ್ತದೆ. ಆಕಾರವನ್ನು ಶಬ್ದಕ್ಕಿಂತ ಒಂದು ಫ್ರೇಮ್ ಮೊದಲೇ ಇಡುವುದು ಒಳ್ಳೆಯದು. ಚಿತ್ರಕ್ಕಿಂತ ಧ್ವನಿ ಮುಂದಾದರೆ ಕಣ್ಣು ಬೇಗ ಹಿಡಿಯುತ್ತದೆ, ಹಿಂದಾದರೆ ಸಹಿಸುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಶಿಫಾರಸಿನ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದಾದರೂ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಗೊತ್ತಾಗದು. 24ರ ದರದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡ್.

ಚಿತ್ರವನ್ನು ವಿಡಿಯೋ ಫೈಲಾಗಿ ತೆಗೆಯುವ ಕೊನೆಯ ರೆಂಡರಿನಲ್ಲಿ ಎಂಪಿ4 ಆರಿಸಿದರೂ ಆಡಿಯೋ ಕೋಡೆಕ್ (ಧ್ವನಿಯನ್ನು ಉಳಿಸುವ ವಿಧಾನ) ‘ನೋ ಆಡಿಯೋ’ ಎಂದೇ ಇರುತ್ತದೆ. ಅದನ್ನು ಎಎಸಿ ಎಂದು ಮಾಡದಿದ್ದರೆ ರಾತ್ರಿಯಿಡೀ ಕಾದು ಸಿಗುವುದು ಮೂಕಚಿತ್ರ. ಮೂರು ನಿಮಿಷದ ಪದ್ಯಕ್ಕೆ 4320 ಫ್ರೇಮ್, ನಡುವೆ ಕರೆಂಟ್ ಹೋದರೆ ಅರ್ಧಂಬರ್ಧ ಎಂಪಿ4 ತೆರೆಯದೇ ಹೋಗಬಹುದು. ಹಾಗಾಗಿ ಪಿಎನ್‌ಜಿ ಚಿತ್ರಗಳಾಗಿ ತೆಗೆದು, ಅದೇ ಫ್ರೇಮ್ ದರದಲ್ಲಿ ಸೀಕ್ವೆನ್ಸರಿಗೆ ತಂದು, ಅದೇ ವೇವ್ ಫೈಲಿನ ಜತೆ ಎಂಪಿ4 ಮಾಡುವ ದಾರಿಯೇ ಭದ್ರ. ಪರೀಕ್ಷಿಸುವಾಗ ತಂತಿಯ ಹೆಡ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತಿನಲ್ಲಿ ಶಬ್ದ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುವುದು ಸಾಮಾನ್ಯ.