ಹಳ್ಳಿಮನೆಯಲ್ಲಿ ಐದು ವರ್ಷ: ಲಿನಕ್ಸ್ ಜೊತೆ ಯು.ಎಸ್. ರೋಬೋಟಿಕ್ಸ್ 5686 ಮೋಡೆಮ್

ಫೋನ್ ತಂತಿಯ ಮೂಲಕ ಕಂಪ್ಯೂಟರನ್ನು ಇಂಟರ್ನೆಟ್‌ಗೆ ಸೇರಿಸುವ ಈ ಮೋಡೆಮ್ ಕೊಂಡಿದ್ದು 2003ರ ಮಳೆಗಾಲದಲ್ಲಿ. ಇದನ್ನು ಬರೆಯುತ್ತಿರುವುದು 2008ರಲ್ಲಿ. ಈ ಐದು ವರ್ಷದಲ್ಲಿ ಕಂಪ್ಯೂಟರ್ ಒಮ್ಮೆ ಬದಲಾಯಿತು. ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯ ಬಗೆ ಎರಡು ಸಲ ಬದಲಾಯಿತು: ಮೊದಲು ರೆಡ್ ಹ್ಯಾಟ್ 9, ಆಮೇಲೆ ಡೆಬಿಯನ್, ಈಗ ಅಂಚೆಯಲ್ಲಿ ಪುಕ್ಕಟೆ ಬಂದ ಸಿ.ಡಿ.ಯಿಂದ ಹಾಕಿಕೊಂಡ ಉಬುಂಟು 8.04. ಮೋಡೆಮ್ ಮಾತ್ರ ಅದೇ. ಒಮ್ಮೆಯೂ ಇದಕ್ಕಾಗಿ ಡ್ರೈವರ್ (ಯಂತ್ರವನ್ನು ನಡೆಸುವ ತಂತ್ರಾಂಶ) ಹುಡುಕಿಲ್ಲ.

ನಮ್ಮದು ಹೊಸನಗರ ತಾಲೂಕಿನ ಹಳ್ಳಿ. ಫೋನ್ ತಂತಿ ಅಡಿಕೆ ತೋಟದ ಅಂಚಿನಲ್ಲೇ ಕಂಬದಿಂದ ಕಂಬಕ್ಕೆ ಹಾದು ಬರುತ್ತದೆ. ಎಕ್ಸ್‌ಚೇಂಜ್ ದೂರ. ತಾಮ್ರದ ತಂತಿ ಉದ್ದವಾದಷ್ಟೂ ಬ್ರಾಡ್‌ಬ್ಯಾಂಡ್ ಸೊರಗುತ್ತದೆ, ಹಾಗಾಗಿ ಪೇಟೆಯವರಿಗೆ ಸಿಕ್ಕಿದ್ದು ನಮಗೆ ಸಿಕ್ಕಿಲ್ಲ. ಫೋನ್ ಕರೆ ಮಾಡಿ ಇಂಟರ್ನೆಟ್ ಸೇರುವ ಡಯಲ್-ಅಪ್ ಒಂದೇ ದಾರಿ. ನಮ್ಮಂಥ ಜಾಗದಲ್ಲಿದ್ದು ಲಿನಕ್ಸ್ ಬಳಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಕಂಪ್ಯೂಟರಿನ ಒಳಗೇ ಕೂರುವ ಒಂದು ಇಂಟರ್ನಲ್ ಮೋಡೆಮ್ ಕಾರ್ಡ್ ಇತ್ತು. ಅಗ್ಗದ್ದು. ವಿಂಡೋಸ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಲಿನಕ್ಸ್ ಹಾಕಿದ ದಿನವೇ ಮೂಕವಾಯಿತು. ಅದು 'ವಿನ್‌ಮೋಡೆಮ್' ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ನಿಜವಾದ ಮೋಡೆಮ್ ದನಿಯನ್ನು ಅಂಕಿಗಳಾಗಿ, ಅಂಕಿಗಳನ್ನು ದನಿಯಾಗಿ ತಾನೇ ಬದಲಿಸುತ್ತದೆ. ವಿನ್‌ಮೋಡೆಮ್‌ನಲ್ಲಿ ಆ ಕೆಲಸದ ಚಿಪ್‌ಗಳನ್ನು ತೆಗೆದು ಬೆಲೆ ಇಳಿಸಿರುತ್ತಾರೆ. ಕೆಲಸವೆಲ್ಲ ಕಂಪ್ಯೂಟರಿನ ಪ್ರೊಸೆಸರ್ ಮೇಲೆ, ಡ್ರೈವರ್ ಮೂಲಕ. ಆ ಡ್ರೈವರ್ ವಿಂಡೋಸ್‌ಗೆ ಮಾತ್ರ ಬರೆದಿದ್ದರೆ ಲಿನಕ್ಸ್‌ಗೆ ಅದು ಬರೀ ತಗಡು.

ಕೆಲವು ಚಿಪ್‌ಗಳಿಗೆ ಲಿನಕ್ಸ್ ಡ್ರೈವರ್ ಇದೆ, ನಿಜ. ಲೂಸೆಂಟ್ ಚಿಪ್‌ಗೆ 'ಎಲ್‌ಟಿಮೋಡೆಮ್', ಸ್ಮಾರ್ಟ್‌ಲಿಂಕ್‌ಗೆ 'ಎಸ್‌ಎಲ್‌ಮೋಡೆಮ್‌ಡಿ'. ಕೊನೆಕ್ಸೆಂಟ್‌ನ ಎಚ್‌ಎಸ್‌ಎಫ್ ಚಿಪ್‌ಗೆ ಲಿನಕ್ಸೆಂಟ್‌ನವರ ಡ್ರೈವರ್ ಸಿಗುತ್ತದೆ. ಆದರೆ ಅದರ ಪುಕ್ಕಟೆ ಆವೃತ್ತಿ 14.4 ಕೆ ವೇಗಕ್ಕೇ ನಿಲ್ಲುತ್ತದೆ. ನನಗೆ ಇವುಗಳಲ್ಲಿ ಜಾಸ್ತಿ ಬೇಸರ ತಂದದ್ದು ಬೇರೆ ವಿಷಯ. ಕರ್ನಲ್ (ಲಿನಕ್ಸಿನ ತಿರುಳು) ಬದಲಾಯಿಸಿದಾಗೆಲ್ಲ ಡ್ರೈವರನ್ನು ಮತ್ತೆ ಕಟ್ಟಬೇಕು. ಕಟ್ಟಲು ಏನಾದರೂ ಕಡಿಮೆ ಬಿದ್ದರೆ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ಮೋಡೆಮ್ ಬೇಕು. ಪೇಟೆಯಲ್ಲಿ ಇದ್ದವರಿಗೆ ಸೈಬರ್ ಕೆಫೆ ಇದೆ. ನಮಗೆ ಅದಕ್ಕೆ ಬಸ್ ಹಿಡಿಯಬೇಕು.

ಕೊನೆಗೆ ಶಿವಮೊಗ್ಗಕ್ಕೆ ಹೋಗಿ ಈ 5686 ತಂದೆ. ಇಂಟರ್ನಲ್ ಕಾರ್ಡಿನ ನಾಲ್ಕು ಪಟ್ಟು ದುಡ್ಡು. ಅಪ್ಪಯ್ಯ ಬೆಲೆ ಕೇಳಿ ಸುಮ್ಮನಾದರು, ಬೈಯಲಿಲ್ಲ. ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ, ತನ್ನದೇ ಪವರ್ ಅಡಾಪ್ಟರ್ ಇರುವ ಎಕ್ಸ್‌ಟರ್ನಲ್ ಮೋಡೆಮ್ ಇದು. ಈ ಜಾತಿಯವುಗಳಿಗೆ ಸ್ವಂತ ಬುದ್ಧಿ ಇರುತ್ತದೆ. ಎಟಿ ಆಜ್ಞೆ ('ಎಟಿ' ಅಂತ ಶುರುವಾಗುವ, ಮೋಡೆಮ್‌ಗೆ ಕೊಡುವ ಸೂಚನೆ) ಕೊಟ್ಟರೆ ಸಾಕು. ಇಂಟರ್ನಲ್ಲೇ ಬೇಕು ಅನ್ನುವವರು ಇದೇ ಕಂಪನಿಯ 5610 ನೋಡಬಹುದು, ಅದೂ ಪೂರ್ಣ ಮೋಡೆಮ್. ಅಂಗಡಿಯಲ್ಲಿ ಗುರುತಿಸಲು ಒಂದು ಸುಳುಹು ಹೇಳುತ್ತೇನೆ. ಡಬ್ಬಿಯ ಮೇಲೆ 'ಇಂಥ ಪೆಂಟಿಯಂ ಪ್ರೊಸೆಸರ್, ಇಂಥ ವಿಂಡೋಸ್ ಬೇಕೇ ಬೇಕು' ಅಂತ ಬರೆದಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ಜೋಡಿಸುವುದು ಸುಲಭ. ಮೋಡೆಮ್ ಕಡೆ 25 ಪಿನ್, ಕಂಪ್ಯೂಟರ್ ಕಡೆ 9 ಪಿನ್ ಇರುವ ಕೇಬಲ್ ಬೇಕು. ವಿಂಡೋಸ್ ಕಾಮ್1 ಅನ್ನುವ ಸೀರಿಯಲ್ ಪೋರ್ಟಿನ ಹೆಸರು ಲಿನಕ್ಸ್‌ನಲ್ಲಿ ಟಿಟಿವೈಎಸ್0, ಕಾಮ್2 ಅಂದರೆ ಟಿಟಿವೈಎಸ್1. ಕರೆ ಮಾಡಿ ಇಂಟರ್ನೆಟ್‌ಗೆ ಸೇರಿಸಲು ನಾನು ಬಳಸುವ ಪ್ರೋಗ್ರಾಂ ಡಬ್ಲ್ಯುವಿಡಯಲ್. ಅದರ ಜೊತೆಗಿರುವ ಡಬ್ಲ್ಯುವಿಡಯಲ್‌ಕಾನ್ಫ್ ಓಡಿಸಿದರೆ ಮೋಡೆಮ್ ಎಲ್ಲಿದೆ ಅಂತ ತಾನೇ ಹುಡುಕಿ ಕಾನ್ಫಿಗ್ (ಹೊಂದಾಣಿಕೆಗಳ) ಫೈಲ್ ಬರೆಯುತ್ತದೆ. ನೀವು ಫೋನ್ ನಂಬರ್, ಹೆಸರು, ಪಾಸ್‌ವರ್ಡ್ ತುಂಬಬೇಕು, ಅಷ್ಟೆ. ಪೋರ್ಟ್ ವೇಗ 115200 ಇರಲಿ. ಶುರುವಿನ ಆಜ್ಞೆಯಲ್ಲಿ ಬರೀ ಎಟಿಝಡ್ ಬದಲು ಎಟಿ&ಎಫ್1 ಹಾಕಿ, ಈ ಮೋಡೆಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಮಾಹಿತಿ ಹರಿವಿನ ಹತೋಟಿ) ಅದರಿಂದಲೇ ಸರಿಯಾಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ನಿಮ್ಮ ಹೆಸರನ್ನು ಮೋಡೆಮ್ ಬಳಸಲು ಅನುಮತಿ ಇರುವ 'ಡಯಲ್‌ಔಟ್' ಗುಂಪಿಗೆ ಸೇರಿಸಲು ಮರೆಯಬೇಡಿ.

ನಾನು ಒದ್ದಾಡಿದ್ದು ಎರಡು ಕಡೆ. ಮೊದಲನೆಯದು: ಕರೆ ಹೋಗುತ್ತದೆ, ಕಿರುಚಾಟ ಮುಗಿಯುತ್ತದೆ, 'ಕನೆಕ್ಟ್' ಅನ್ನುತ್ತದೆ, ಆಮೇಲೆ ಕಡಿದುಹೋಗುತ್ತದೆ. ಡಬ್ಲ್ಯುವಿಡಯಲ್ ಆ ಕಡೆಯಿಂದ 'ಲಾಗಿನ್' ಅನ್ನುವ ಪ್ರಶ್ನೆ ಬರಲಿ ಅಂತ ಕಾಯುತ್ತಿತ್ತು. ನಮ್ಮ ಇಂಟರ್ನೆಟ್ ಕಂಪನಿ ಆ ಪ್ರಶ್ನೆ ಕೇಳುವುದೇ ಇಲ್ಲ, ನೇರ ಪಿಪಿಪಿ (ಫೋನ್ ತಂತಿಯಲ್ಲಿ ಇಂಟರ್ನೆಟ್ ಮಾತಾಡುವ ನಿಯಮ) ಶುರು ಮಾಡುತ್ತದೆ. ಕಾನ್ಫಿಗ್ ಫೈಲಿನಲ್ಲಿ 'ಸ್ಟುಪಿಡ್ ಮೋಡ್ = 1' ಅಂತ ಒಂದು ಸಾಲು ಸೇರಿಸಿದೆ. ಆವತ್ತಿನಿಂದ ಆ ತೊಂದರೆ ಮತ್ತೆ ಬಂದಿಲ್ಲ.

ಎರಡನೆಯದು ಎರಡು ದಿನ ತಿಂದಿತು. ಕನೆಕ್ಷನ್ ನಿಂತಿದೆ, ಐಪಿ ವಿಳಾಸವೂ ಬಂದಿದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಕಾರಣ ಮೋಡೆಮ್ ಅಲ್ಲವೇ ಅಲ್ಲ. ಲಿನಕ್ಸ್ ಹಾಕುವಾಗ ನೆಟ್‌ವರ್ಕ್ ಕಾರ್ಡಿಗೆ ಸುಮ್ನೆ ಒಂದು ಗೇಟ್‌ವೇ (ಹೊರಗಿನ ಜಾಲಕ್ಕೆ ಹೋಗುವ ಬಾಗಿಲು) ವಿಳಾಸ ಕೊಟ್ಟಿದ್ದೆ. ಹೀಗೆ ಹೊರಹೋಗುವ ದಾರಿ (ಡಿಫಾಲ್ಟ್ ರೂಟ್) ಆಗಲೇ ಒಂದು ಇದ್ದರೆ, ಪಿಪಿಪಿ ನಡೆಸುವ ಪ್ರೋಗ್ರಾಂ ಪಿಪಿಪಿಡಿ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕೇಳಿದ್ದೆಲ್ಲ ತಂತಿಯೇ ಇಲ್ಲದ ಆ ಕಾರ್ಡಿನತ್ತ ಹೋಗುತ್ತಿತ್ತು. ಲಾಗ್ ಫೈಲಿನಲ್ಲಿ ಇದು ಸ್ಪಷ್ಟವಾಗಿ ಬರೆದಿತ್ತು, ನಾನು ಓದಿರಲಿಲ್ಲ. ಗೇಟ್‌ವೇ ಅಳಿಸಿದ ಕೂಡಲೇ ಎಲ್ಲ ತೆರೆಯಿತು. ಆ ವರ್ಷವಷ್ಟೇ ಶುರುವಾಗಿದ್ದ ಕನ್ನಡ ವಿಕಿಪೀಡಿಯ ನಾನು ಮೊದಲು ನೋಡಿದ ಪುಟ. ಚಿತ್ರಗಳು ಕಡಿಮೆ, ಅಕ್ಷರ ಜಾಸ್ತಿ. ಡಯಲ್-ಅಪ್‌ನಲ್ಲಿ ಅದು ಎಷ್ಟು ಹಿತ ಅಂತ ಬಳಸಿದವರಿಗೇ ಗೊತ್ತು.

ಇನ್ನು ವೇಗ. ಡಬ್ಬಿಯ ಮೇಲೆ 56 ಕೆ (ಸೆಕೆಂಡಿಗೆ 56,000 ಬಿಟ್), ವಿ.92 ಅಂತಿದೆ. ವಿ.92 ಅನ್ನುವುದು ಮೋಡೆಮ್‌ಗಳ ಮಾನದಂಡ, ವಿ.90 ಅದಕ್ಕಿಂತ ಹಳೆಯದು. ಆ ಕಡೆಯವರಲ್ಲಿ ವಿ.92 ಇಲ್ಲದಿದ್ದರೆ ನಿಮಗೆ ಸಿಗುವುದು ವಿ.90. ನನಗೆ ಮೊದಮೊದಲು 31,200 ಸಿಗುತ್ತಿತ್ತು. ಮೋಡೆಮ್ ಸರಿಯಿಲ್ಲ ಅಂದುಕೊಂಡಿದ್ದೆ. ಕರೆ ಮುಗಿದ ಮೇಲೆ ಎಟಿಐ6 ಕೊಟ್ಟರೆ ಈ ಮೋಡೆಮ್ ಆ ಕರೆಯ ಪೂರ್ತಿ ಲೆಕ್ಕ ಒಪ್ಪಿಸುತ್ತದೆ: ಎಷ್ಟು ತಪ್ಪು ಬಂತು, ಎಷ್ಟು ಸಲ ಮತ್ತೆ ಹೊಂದಿಸಿಕೊಳ್ಳಬೇಕಾಯಿತು, ಯಾಕೆ ಕಡಿಯಿತು. ನನ್ನ ಮಟ್ಟಿಗೆ ಈ ಒಂದು ಸೌಲಭ್ಯಕ್ಕೇ ಕೊಟ್ಟ ದುಡ್ಡು ಸಾರ್ಥಕ. ಅದನ್ನು ನೋಡಿ ಮನೆಯ ಒಳಗಿನ ವೈರಿಂಗ್ ಮೇಲೆ ಅನುಮಾನ ಬಂತು. ಜಗುಲಿಯಲ್ಲಿದ್ದ ಎರಡನೇ ಫೋನ್ ಕಳಚಿದೆ. ಲೈನ್‌ಮನ್ ಅಣ್ಣ ಬಂದು ಮಾಡಿನ ಕೆಳಗಿನ ಕಿಲುಬು ಹಿಡಿದ ಜೋಡಣೆ ಕತ್ತರಿಸಿ ಹೊಸದಾಗಿ ಸುತ್ತಿಕೊಟ್ಟರು. ಆವತ್ತು ರಾತ್ರಿ 45,333 ಬಂತು. ಈಗಲೂ ಒಣ ದಿನಗಳಲ್ಲಿ ಅಷ್ಟೇ ಬರುತ್ತದೆ.

ಜುಲೈ ತಿಂಗಳ ಕತೆ ಬೇರೆ. ತಂತಿ ನೆನೆದಾಗ ಗೊರಗೊರ ಸದ್ದು, ಪದೇ ಪದೇ ಕಡಿತ. ಆಗ ನಾನು &ಯು, &ಎನ್ ಎಂಬ ಜೋಡಿ ಆಜ್ಞೆಯಿಂದ ವೇಗಕ್ಕೆ 33,600ರ ಮಿತಿ ಹಾಕುತ್ತೇನೆ. ಎಸ್10 ರಿಜಿಸ್ಟರ್‌ಗೆ (ಮೋಡೆಮ್ ಒಳಗೆ ಹೊಂದಾಣಿಕೆಯ ಅಂಕಿ ಇಡುವ ಜಾಗ) 50 ಕೊಡುತ್ತೇನೆ, ಅಂದರೆ ದನಿ ಕ್ಷಣಕಾಲ ಕಳೆದುಹೋದರೂ ಮೋಡೆಮ್ 5 ಸೆಕೆಂಡ್ ಕಾಯುತ್ತದೆ. ಡಯಲ್ ಟೋನ್ ಇಲ್ಲ ಅಂತ ಹಟ ಮಾಡಿದರೆ ಎಕ್ಸ್3 ಸೇರಿಸುತ್ತೇನೆ, ಟೋನ್‌ಗೆ ಕಾಯದೆ ನಂಬರ್ ಒತ್ತುತ್ತದೆ. ವೇಗ ಕಡಿಮೆ, ಆದರೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಿಲ್ಲುವುದೇ ಮುಖ್ಯ ಅಲ್ವಾ?

ಸೆಕೆಂಡಿಗೆ 5 ಕೆಬಿ ಲೆಕ್ಕದಲ್ಲಿ ಒಂದು ಎಂಬಿಗೆ ಮೂರೂವರೆ ನಿಮಿಷ. 650 ಎಂಬಿಯ ಒಂದು ಸಿ.ಡಿ.ಗೆ 37 ಗಂಟೆ. ಅದಕ್ಕೇ ಸಿ.ಡಿ.ಗಳನ್ನು ಅಂಚೆಯಲ್ಲಿ ತರಿಸುತ್ತೇನೆ. ಉಳಿದ ದೊಡ್ಡ ಫೈಲ್‌ಗಳನ್ನು ಎಲ್ಲರೂ ಮಲಗಿದ ಮೇಲೆ ಫೈಲ್ ಇಳಿಸುವ ಪ್ರೋಗ್ರಾಂ ಡಬ್ಲ್ಯುಗೆಟ್‌ಗೆ ಒಪ್ಪಿಸುತ್ತೇನೆ. '-ಸಿ' ಸೇರಿಸಿದರೆ ಕಡಿದಲ್ಲಿಂದಲೇ ಮುಂದುವರಿಯುತ್ತದೆ.

ಕೊರತೆಗಳೂ ಇವೆ. ಅಡಾಪ್ಟರ್ ದಪ್ಪ, ಪಕ್ಕದ ಸಾಕೆಟ್ ಮುಚ್ಚಿಬಿಡುತ್ತದೆ. ಹಿಂಬದಿಯಲ್ಲಿ ಎಂಟು ಪುಟ್ಟ ಸ್ವಿಚ್‌ಗಳಿವೆ. 3, 5, 8 ಕೆಳಗೆ, ಉಳಿದವು ಮೇಲೆ ಇರಬೇಕು. ಒಮ್ಮೆ ಧೂಳು ಒರೆಸುವಾಗ 8 ಮೇಲೆ ಹೋಗಿ ಮೋಡೆಮ್ ಎಟಿ ಆಜ್ಞೆಗಳಿಗೆ ಕಿವುಡಾಗಿತ್ತು. ಅರ್ಧ ದಿನ ಹೋಯಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟೇ ಇರುವುದಿಲ್ಲ. ತಮ್ಮನ ಲ್ಯಾಪ್‌ಟಾಪ್‌ಗೆ ಪಿಎಲ್2303 ಚಿಪ್ ಇರುವ ಯುಎಸ್‌ಬಿ ಪರಿವರ್ತಕ ತಂದೆ. ಲಿನಕ್ಸ್ ಅದನ್ನು ಟಿಟಿವೈಯುಎಸ್‌ಬಿ0 ಅಂತ ತಾನೇ ಗುರುತಿಸಿತು. ಉಳಿದ ಕಾನ್ಫಿಗ್ ಎಲ್ಲ ಹಾಗೇ ನಡೆಯಿತು.

ಮಲೆನಾಡಿನವರಿಗೆ ಒಂದು ಮಾತು. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಯಲ್ಲಿ ಫೋನ್ ತಂತಿಯಲ್ಲೇ ಸಿಡಿಲು ಒಳಗೆ ಬರುತ್ತದೆ. ಪಕ್ಕದ ಮನೆಯಲ್ಲಿ ಮೋಡೆಮ್ ಜೊತೆ ಮದರ್‌ಬೋರ್ಡೂ ಸುಟ್ಟಿತು. ಸ್ವಿಚ್ ಆಫ್ ಮಾಡಿದರೆ ಸಾಲದು, ಫೋನ್ ತಂತಿ ಮತ್ತು ಅಡಾಪ್ಟರ್ ಎರಡನ್ನೂ ಕೀಳಬೇಕು. ನಮ್ಮ ಮನೆಯಲ್ಲಿ ಈಗ ಅಮ್ಮನೇ ಆ ಕೆಲಸ ನೋಡಿಕೊಳ್ಳುತ್ತಾರೆ. ಮೋಡ ಕಟ್ಟಿತು ಅಂದರೆ ಅಂಗಳದ ಅಡಿಕೆ ಒಳಗೆ ತರುವ ಮೊದಲು ಮೋಡೆಮ್ ತಂತಿ ಕಿತ್ತಿಡುತ್ತಾರೆ.