ವಾದಕ್ಕಿಳಿಯುವ ಮೊದಲು ತೆರೆಯಬೇಕಾದ ತಾಣ: ‘ಅವರ್ ವರ್ಲ್ಡ್ ಇನ್ ಡೇಟಾ’

ಇಂಧನ ನೀತಿ, ವಲಸೆ, ಪೌರತ್ವ, ಪ್ರಜಾಪ್ರಭುತ್ವದ ಸ್ಥಿತಿ ಮೊದಲಾದ ವಿಷಯಗಳ ಮೇಲೆ ಅಂತರ್ಜಾಲದಲ್ಲಿ ನಡೆಯುವ ವಾಗ್ವಾದಗಳಲ್ಲಿ ಹಲವು ವರ್ಷಗಳಿಂದ ಪಾಲ್ಗೊಳ್ಳುತ್ತ ಬಂದವನು ನಾನು. ಈ ಅವಧಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿಬಂದದ್ದು, ಜಗತ್ತಿನ ಅಂಕಿಅಂಶಗಳನ್ನು ಚಾರ್ಟುಗಳಾಗಿ ಕೊಡುವ ‘ಅವರ್ ವರ್ಲ್ಡ್ ಇನ್ ಡೇಟಾ’ ಎಂಬ ಜಾಲತಾಣ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಮ್ಯಾಕ್ಸ್ ರೋಸರ್ ಆರಂಭಿಸಿದ, 2014ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ತಾಣವನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನಡೆಸುತ್ತದೆ. ಜಾಹೀರಾತಿಲ್ಲ, ಶುಲ್ಕವಿಲ್ಲ, ಲಾಗಿನ್ ಆಗಬೇಕೆಂಬ ಒತ್ತಾಯವೂ ಇಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಅದರ ಚಾರ್ಟುಗಳನ್ನು ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು.

ಇದರ ಹೆಚ್ಚುಗಾರಿಕೆ ಅರ್ಥವಾಗಬೇಕಾದರೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯ ಪುಟವನ್ನು ತೆರೆಯಬೇಕು. ದೇಶಗಳ ಒಟ್ಟು ಹೊರಸೂಸುವಿಕೆಯ ಚಾರ್ಟಿನಲ್ಲಿ ಚೀನಾ ಜಗತ್ತಿನ ಮೂರನೇ ಒಂದು ಪಾಲಿನ ಹತ್ತಿರ ನಿಂತಿದೆ; ಅಮೆರಿಕದ ನಂತರ ಮೂರನೇ ಸ್ಥಾನದಲ್ಲಿ ಭಾರತ ಇದೆ. ಅದೇ ಅಂಕಿಯನ್ನು ಜನಸಂಖ್ಯೆಯಿಂದ ಭಾಗಿಸಿದ ಚಾರ್ಟಿಗೆ ಬಂದರೆ ಅಮೆರಿಕದ ಒಬ್ಬನ ಪಾಲಿಗೆ ವರ್ಷಕ್ಕೆ 14 ಟನ್ ಆಸುಪಾಸು, ಜಗತ್ತಿನ ಸರಾಸರಿ 5 ಟನ್‌ಗಿಂತ ತುಸು ಕಡಿಮೆ, ಭಾರತದ್ದು 2 ಟನ್‌ಗಿಂತ ತುಸು ಹೆಚ್ಚು. 1750ರಿಂದ ಈಚೆಗೆ ಗಾಳಿಗೆ ಸೇರಿದ್ದೆಲ್ಲವನ್ನೂ ಕೂಡಿಸಿದ ಚಾರ್ಟಿನಲ್ಲಿ ಕಾಲುಭಾಗದ ಹತ್ತಿರದಷ್ಟು ಅಮೆರಿಕ ಒಂದರದೇ. ಇನ್ನೊಂದು ಚಾರ್ಟಿನಲ್ಲಿ ಸರಕು ತಯಾರಾದ ದೇಶದ ಬದಲು ಅದನ್ನು ಬಳಸಿದ ದೇಶದ ಲೆಕ್ಕಕ್ಕೆ ಹೊಗೆಯನ್ನು ಬರೆಯುತ್ತಾರೆ. ಅಲ್ಲಿ ಬ್ರಿಟನ್ನಿನ ಪಾಲು ಏರುತ್ತದೆ, ಚೀನಾದ್ದು ಇಳಿಯುತ್ತದೆ. ನಾಲ್ಕೂ ನಿಜ. ವಾದಕ್ಕೆ ಬಂದವರು ಸಾಮಾನ್ಯವಾಗಿ ಇವುಗಳಲ್ಲಿ ತಮಗೆ ಅನುಕೂಲವಾದ ಒಂದನ್ನು ಮಾತ್ರ ಹಿಡಿದು ಬಂದಿರುತ್ತಾರೆ. ನಾಲ್ಕನ್ನೂ ಒಂದೇ ಜಾಗದಲ್ಲಿ, ಒಂದೇ ಅಳತೆಗೋಲಿನ ವಿವರಣೆಯೊಂದಿಗೆ ಇಟ್ಟುಕೊಟ್ಟಿರುವುದೇ ಈ ತಾಣ ಮಾಡಿರುವ ದೊಡ್ಡ ಉಪಕಾರ.

ಈ ತಾಣದ ಎರಡನೆಯ ಉಪಕಾರವನ್ನು ನಾನು ತಪ್ಪು ಮಾಡಿಯೇ ಕಲಿತೆ. ಫ್ರಾನ್ಸ್ ತನ್ನ ‘ಇಂಧನದ’ ಮೂರನೇ ಎರಡು ಪಾಲನ್ನು ಅಣುಸ್ಥಾವರಗಳಿಂದ ಪಡೆಯುತ್ತದೆ ಎಂದು ಒಮ್ಮೆ ಗಟ್ಟಿಯಾಗಿ ವಾದಿಸಿದ್ದೆ. ಗೆಳೆಯರೊಬ್ಬರು, ‘ಹಾಗಾದರೆ ಅಲ್ಲಿನ ಕಾರು, ಲಾರಿಗಳು ಯಾವುದರಿಂದ ಓಡುತ್ತವೆ?’ ಎಂದಷ್ಟೇ ಕೇಳಿದರು. ಎರಡು ಚಾರ್ಟುಗಳನ್ನು ಅಕ್ಕಪಕ್ಕ ತೆರೆದು ನೋಡಿದಾಗ ನಾನು ಹೇಳಿದ್ದು ವಿದ್ಯುತ್ತಿನ ಲೆಕ್ಕವೆಂದೂ, ಪೆಟ್ರೋಲು, ಡೀಸೆಲ್ಲು, ಮನೆ ಬೆಚ್ಚಗಿಡುವ ಅನಿಲ ಎಲ್ಲವೂ ಸೇರಿದ ಇಂಧನದ ಲೆಕ್ಕದಲ್ಲಿ ಆ ಪಾಲು ಬಹಳ ಕೆಳಗಿಳಿಯುತ್ತದೆಂದೂ ತಿಳಿಯಿತು. ಜಗತ್ತಿನಾದ್ಯಂತ ಕೊನೆಯಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಐದರಲ್ಲಿ ಒಂದರಷ್ಟೇ. ಈ ತಾಣ ‘ವಿದ್ಯುತ್’ ಮತ್ತು ‘ಇಂಧನ’ ಎಂಬ ಪದಗಳನ್ನು ಪ್ರತಿ ಚಾರ್ಟಿನ ತಲೆಬರಹದಲ್ಲಿಯೇ ಬೇರೆಬೇರೆಯಾಗಿ ಇಡುತ್ತದೆ. ಓದದೆ ಹೋದದ್ದು ನನ್ನ ತಪ್ಪು, ಆ ಮಾತನ್ನು ಅಂದೇ ಹಿಂತೆಗೆದುಕೊಂಡೆ.

ಇದೇ ಬಗೆಯ ಗೊಂದಲ ಸ್ಥಾಪಿತ ಸಾಮರ್ಥ್ಯ (ಸ್ಥಾವರಗಳು ಗರಿಷ್ಠವಾಗಿ ಉತ್ಪಾದಿಸಬಲ್ಲದ್ದು) ಮತ್ತು ಉತ್ಪಾದನೆಯ (ನಿಜಕ್ಕೂ ಉತ್ಪಾದಿಸಿದ್ದು) ನಡುವೆಯೂ ಇದೆ. 2025ರಲ್ಲಿ ಭಾರತದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧಭಾಗ ಕಲ್ಲಿದ್ದಲು, ಅನಿಲಗಳಂಥ ಪಳೆಯುಳಿಕೆ ಇಂಧನಗಳ ಹೊರಗಿನದಾಯಿತು ಎಂಬುದು ಸರಿಯಾದ ಸುದ್ದಿ, ಸಂತೋಷದ ಸುದ್ದಿಯೂ ಹೌದು. ಆದರೆ ಸೌರಫಲಕ ರಾತ್ರಿ ಕೆಲಸ ಮಾಡುವುದಿಲ್ಲ. ಆದ್ದರಿಂದ ವರ್ಷವಿಡೀ ತಂತಿಯಲ್ಲಿ ಹರಿದ ವಿದ್ಯುತ್ತಿನ ಚಾರ್ಟಿನಲ್ಲಿ ಕಲ್ಲಿದ್ದಲಿನ ಪಾಲು ಈಗಲೂ ಅರ್ಧವನ್ನು ಬಹಳವಾಗಿ ಮೀರಿ ನಿಂತಿದೆ. ಒಂದು ಸಂಖ್ಯೆಯನ್ನು ಹಿಡಿದವರು ಇನ್ನೊಂದನ್ನು ಹಿಡಿದವರನ್ನು ಸುಳ್ಳುಗಾರರೆಂದು ಕರೆಯುವುದನ್ನು ನೋಡಿದಾಗೆಲ್ಲ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇಡೀ ತಾಣದಲ್ಲಿ ಅತಿ ಹೆಚ್ಚು ಹಂಚಿಕೆಯಾಗುವ ಚಾರ್ಟುಗಳಲ್ಲಿ ಒಂದರ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ಜರ್ಮನಿ ತನ್ನ ಕೊನೆಯ 3 ಅಣುಸ್ಥಾವರಗಳನ್ನು 2023ರ ಏಪ್ರಿಲ್ 15ರಂದು ಮುಚ್ಚಿದ ಸಮಯದಲ್ಲಿ ಇದು ಎಲ್ಲೆಡೆ ಕಾಣುತ್ತಿತ್ತು. ಒಂದು ಟೆರಾವ್ಯಾಟ್ ಅವರ್ (ನೂರು ಕೋಟಿ ಯೂನಿಟ್) ವಿದ್ಯುತ್ ಉತ್ಪಾದನೆಗೆ ಅಪಘಾತ ಮತ್ತು ವಾಯುಮಾಲಿನ್ಯದಿಂದ ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕ ಅದು: ಕಲ್ಲಿದ್ದಲಿಗೆ 24.6, ಜಲವಿದ್ಯುತ್ತಿಗೆ 1.3, ಗಾಳಿಗೆ 0.04, ಅಣುವಿಗೆ 0.03, ಸೌರಶಕ್ತಿಗೆ 0.02. ಚಾರ್ಟನ್ನು ಇಷ್ಟಕ್ಕೇ ಕತ್ತರಿಸಿ ಹಂಚುವವರು ಕೆಳಗಿನ ಟಿಪ್ಪಣಿಗಳನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಸಾರವೆಲ್ಲ ಅಲ್ಲೇ ಇದೆ. ಅಣುವಿನ ಅಂಕಿಯಲ್ಲಿ 1986ರ ಚೆರ್ನೋಬಿಲ್ ಮತ್ತು 2011ರ ಫುಕುಶಿಮಾ ಎರಡೂ ಸೇರಿವೆ. ಜಲವಿದ್ಯುತ್ತಿನ ಅಂಕಿ ಮೇಲೇರಲು 1975ರಲ್ಲಿ ಚೀನಾದ ಬಾನ್‌ಚಿಯಾವ್ ಅಣೆಕಟ್ಟು ಒಡೆದ ಒಂದೇ ದುರಂತ ಬಹುಪಾಲು ಕಾರಣ. ಕಲ್ಲಿದ್ದಲಿನ ಅಂಕಿಗೆ ಆಧಾರವಾದದ್ದು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಯುರೋಪಿನ ಸ್ಥಾವರಗಳನ್ನು ಆಧರಿಸಿದ ಅಧ್ಯಯನ; ಮಾಲಿನ್ಯ ನಿಯಂತ್ರಣ ಸಡಿಲವಾಗಿರುವ ದೇಶಗಳಲ್ಲಿ ನಿಜವಾದ ಸಾವುಗಳು ಇದಕ್ಕಿಂತ ಹೆಚ್ಚಿರುವ ಸಾಧ್ಯತೆಯಿದೆ. ಅಣುತ್ಯಾಜ್ಯವನ್ನು ಎಲ್ಲಿಡುವುದು, ಸ್ಥಾವರ ಕಟ್ಟಲು ಎಷ್ಟು ವರ್ಷ, ಎಷ್ಟು ಹಣ ಎಂಬ ಪ್ರಶ್ನೆಗಳಿಗೆ ಈ ಚಾರ್ಟು ಉತ್ತರ ಕೊಡುವುದೇ ಇಲ್ಲ. ಅಣುವಿರೋಧಿಗಳ ಬಾಯಿ ಮುಚ್ಚಿಸಲು ಇದನ್ನು ಎಸೆಯುವವರು, ಚಾರ್ಟು ಎತ್ತಿಕೊಳ್ಳದ ಪ್ರಶ್ನೆಗಳಿಗೂ ಅದರಿಂದಲೇ ಉತ್ತರ ಹೊರಡಿಸುತ್ತಿರುತ್ತಾರೆ.

ಪೌರತ್ವದ ವಾದಗಳಿಗೆ ಬಂದಾಗ ಈ ಸೇವೆಯನ್ನು ಇನ್ನೂ ಎಚ್ಚರದಿಂದ ಬಳಸಬೇಕು. ತಲಾ ಹೊರಸೂಸುವಿಕೆಯಲ್ಲಿ ಕತಾರ್ 30 ಟನ್‌ಗೂ ಮೀರಿ ಮೊದಲ ಸಾಲಿನಲ್ಲಿದೆ. ಅಲ್ಲಿ ವಾಸಿಸುವವರಲ್ಲಿ ಆ ದೇಶದ ಪೌರರದು ಬಹಳ ಚಿಕ್ಕ ಪಾಲು. ಉಳಿದವರು ಕೆಲಸಕ್ಕೆಂದು ಹೋದ ಹೊರದೇಶದವರು. ಕಟ್ಟಡಕ್ಕೆ ಕಲ್ಲು ಹೊರುವ ಕಾರ್ಮಿಕನೂ ಆ ‘ತಲಾ’ದ ಒಂದು ತಲೆಯೇ, ಆದರೆ ಆ 30 ಟನ್ ಅವನ ಬದುಕಿನ ಚಿತ್ರವಲ್ಲ. ವಲಸಿಗರ ಚಾರ್ಟಿನಲ್ಲಿಯೂ ಇಂಥದೇ ಸೂಕ್ಷ್ಮವಿದೆ: ವಿಶ್ವಸಂಸ್ಥೆಯ ಅಂಕಿಗಳು ಬಹುಪಾಲು ದೇಶಗಳಲ್ಲಿ ಹುಟ್ಟಿದ ದೇಶವನ್ನು ನೋಡುತ್ತವೆಯೇ ಹೊರತು ಪೌರತ್ವವನ್ನಲ್ಲ. ಹೊಸ ದೇಶದ ಪೌರತ್ವ ಪಡೆದು ಮೂವತ್ತು ವರ್ಷ ಮತ ಹಾಕಿದವರೂ ಅಲ್ಲಿ ವಲಸಿಗರೇ. ಅಲ್ಲಿಯೇ ಹುಟ್ಟಿ ಪೌರತ್ವ ಸಿಗದೆ ಉಳಿದ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ಆ ಚಾರ್ಟನ್ನು ‘ಪರದೇಶೀಯರ ಸಂಖ್ಯೆ’ ಎಂದು ತೋರಿಸುವುದು ಸರಿಯಲ್ಲ.

ಯಾರು ಪೌರರು ಎಂಬುದಂತೂ ಕಾನೂನಿನ ಅಕ್ಷರದಲ್ಲಿರುವ ವಿಷಯ. ಭಾರತದಲ್ಲಿ ವಿದೇಶಿ ದಂಪತಿಗೆ 1987ರ ಜೂನ್‌ನಲ್ಲಿ ಹುಟ್ಟಿದ ಮಗು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯ ಪೌರ. ಜುಲೈ 1ರಂದು ಅಥವಾ ಅದರ ನಂತರ ಹುಟ್ಟಿದ್ದರೆ ತಂದೆತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಒಂದೇ ಮನೆಯ ಅಕ್ಕನಿಗೂ ತಮ್ಮನಿಗೂ ಕಾನೂನು ಬೇರೆಯಾಗಬಹುದಾದ ಇಂಥ ಸಂಗತಿಯನ್ನು ಯಾವ ಚಾರ್ಟಿನ ಗೆರೆಯೂ ತೋರಿಸಲಾರದು. ಇಲ್ಲಿ ಕಾಯ್ದೆಯ ಪಠ್ಯವನ್ನೇ ತೆರೆಯಬೇಕು.

ಪ್ರಜಾಪ್ರಭುತ್ವದ ವಿಭಾಗ ನನಗೆ ಹಿಡಿಸಿದ್ದು ಒಂದೇ ಸೂಚ್ಯಂಕಕ್ಕೆ ಜೋತುಬೀಳದೆ ಹಲವನ್ನು ಕೊಡುತ್ತದೆ ಎಂಬ ಕಾರಣಕ್ಕೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ವಿ-ಡೆಮ್ ಭಾರತವನ್ನು ಚುನಾವಣೆ ನಡೆಯುವ ನಿರಂಕುಶ ಪ್ರಭುತ್ವಗಳ ಸಾಲಿಗೆ ಸೇರಿಸಿದರೆ, ಎಕನಾಮಿಸ್ಟ್ ಬಳಗದ ಸೂಚ್ಯಂಕ ದೋಷಗಳಿರುವ ಪ್ರಜಾಪ್ರಭುತ್ವವೆನ್ನುತ್ತದೆ. ಇಂಥ ವರ್ಗೀಕರಣಗಳನ್ನು ಭಾರತ ಸರ್ಕಾರ ಒಪ್ಪಿಲ್ಲ. ವಿ-ಡೆಮ್ ಅಂಕಗಳು ತಜ್ಞರ ಅಭಿಪ್ರಾಯಗಳನ್ನು ಸಂಖ್ಯಾಶಾಸ್ತ್ರದ ಮೂಲಕ ಜೋಡಿಸಿದ ಅಂದಾಜುಗಳು. ಅವುಗಳ ಮೇಲಿನ ಮತ್ತು ಕೆಳಗಿನ ಮಿತಿಗಳನ್ನೂ ತಾಣ ಕೊಡುತ್ತದೆ. ಈ ಮಿತಿಗಳ ನಡುವಿನ ಅಂತರವನ್ನು ನೋಡದೆ, ಈ ದೇಶ ಹೋದ ವರ್ಷಕ್ಕಿಂತ ಎರಡು ಸ್ಥಾನ ಕುಸಿಯಿತು, ಆ ದೇಶ ಮೂರು ಸ್ಥಾನ ಏರಿತು ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ.

ವಿವರಣೆಗಳು ಇಂಗ್ಲಿಷಿನಲ್ಲಿವೆ, ಅಂಕಿಗಳು ಹೆಚ್ಚಾಗಿ ವಾರ್ಷಿಕ. ತಿಂಗಳ ವಿದ್ಯುತ್ ಲೆಕ್ಕ ಬೇಕಾದವರಿಗೆ ಎಂಬರ್ ಸಂಸ್ಥೆಯ ತಾಣ ಹೆಚ್ಚು ಹೊಂದುತ್ತದೆ. ಇಷ್ಟನ್ನು ಬಿಟ್ಟರೆ ಇಂಥ ಚರ್ಚೆಗಳಲ್ಲಿ ತೊಡಗುವ ಎಲ್ಲರಿಗೂ ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಬಳಸುವಾಗ ಪರದೆಯ ಚಿತ್ರ ತೆಗೆದು ಕಳಿಸುವ ಬದಲು ಕೊಂಡಿಯನ್ನೇ ಕಳಿಸಿ. ಆಯ್ದ ದೇಶಗಳೂ ವರ್ಷಗಳೂ ಕೊಂಡಿಯಲ್ಲಿ ಉಳಿಯುತ್ತವೆ. ಎದುರಿನವರು ತಾವೇ ಇನ್ನೊಂದು ದೇಶವನ್ನು ಸೇರಿಸಿ, ಕಾಲದ ಪಟ್ಟಿಯನ್ನು ಹಿಂದಕ್ಕೆ ಎಳೆದು, ಕೆಳಗಿನ ಮೂಲವನ್ನು ಓದಿ ಉತ್ತರಿಸಬಹುದು. ಫ್ರಾನ್ಸಿನ ಕಾರುಗಳ ಬಗ್ಗೆ ಕೇಳಿದ ಗೆಳೆಯರೂ ನಾನೂ ಈಗ ಹಾಗೆಯೇ ವಾದಿಸುತ್ತೇವೆ.