ಐಸ್ ಪ್ಲಾಂಟಿನ ಮೆಂಬ್ರೇನಿಗೆ ಕಿಣ್ವದ ಪುಡಿ: ಎರಡು ಸಲ ಬಳಸಿದ ಮೇಲೆ

ಕಾರವಾರದ ಬೈತಖೋಲ ಬಂದರಿನ ಹತ್ತಿರದ ಒಂದು ಸಣ್ಣ ಐಸ್ ಪ್ಲಾಂಟಿನಲ್ಲಿ ನೀರಿನ ವ್ಯವಸ್ಥೆ ನನ್ನ ಜವಾಬ್ದಾರಿ. ನಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಸಪ್ಪೆಯಾಗಿ ಉಳಿಯುವುದಿಲ್ಲ, ಉಪ್ಪಾಗುತ್ತದೆ. ಆದ್ದರಿಂದ ಗಡ್ಡೆ ಕಟ್ಟುವ ಮೊದಲು ಅದನ್ನು ಆರ್‌ಒ ಘಟಕದಲ್ಲಿ ಹಾಯಿಸುತ್ತೇವೆ. ಅದರಲ್ಲಿ ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಡುವ ಪೊರೆಯ ಸುರುಳಿಗಳು, ಅಂದರೆ ನಾಲ್ಕು ಇಂಚಿನ ಆರು ಮೆಂಬ್ರೇನ್‌ಗಳಿದ್ದು, ಹೊಸದರಲ್ಲಿ ಗಂಟೆಗೆ 1,500 ಲೀಟರ್ ನೀರು ಕೊಡುತ್ತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ದಡ ಸೇರುತ್ತವೆ, ಐಸಿಗೆ ಗಿರಾಕಿ ಇರುವುದಿಲ್ಲ, ಘಟಕವೂ 61 ದಿನ ನಿಂತೇ ಇರುತ್ತದೆ. ಒಳಗೆ ಉಳಿದ ನೀರಿನಲ್ಲಿ ಲೋಳೆ ಬೆಳೆಯಲು ಇಷ್ಟು ಬಿಡುವು ಧಾರಾಳವಾಯಿತು.

ಕಳೆದ ಆಗಸ್ಟಿನಲ್ಲಿ ಚಾಲೂ ಮಾಡಿದಾಗ ಸಿಹಿನೀರಿನ ಪ್ರಮಾಣ 1,100 ಲೀಟರಿಗೆ ಇಳಿದಿತ್ತು. ಮೆಂಬ್ರೇನ್‌ಗಳನ್ನು ಕೂರಿಸಿದ ಕೊಳವೆಯ, ಅಂದರೆ ಹೌಸಿಂಗಿನ, ಎರಡು ತುದಿಗಳ ಒತ್ತಡದ ಗೇಜುಗಳ ನಡುವಿನ ಅಂತರ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಯಿಂದ ಎರಡಕ್ಕೆ ಏರಿತ್ತು. ಮುಚ್ಚಳ ಬಿಚ್ಚಿ, ನೀರು ಒಳಬರುವ ತುದಿಯ ಮೊದಲ ಮೆಂಬ್ರೇನಿಗೆ ಬೆರಳು ತಾಗಿಸಿದರೆ ಬಂಗಡೆಯ ಕಿವಿರಿನ ಒಳಗಿನಂಥ ಜಾರು, ಮಾಸಲು ಕಂದು ಬಣ್ಣ, ಒಣಗದ ಬಲೆಯ ವಾಸನೆ. ಸುಣ್ಣದಂಥ ಲವಣಗಳು ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಕೊನೆಯ ಮೆಂಬ್ರೇನಿನಲ್ಲಿ. ಮೊದಲನೆಯದೇ ಲೋಳೆಯಾಗಿದ್ದರೆ ಅದು ಬ್ಯಾಕ್ಟೀರಿಯಾಗಳ ಕೆಲಸ ಎಂದು ತಿಳಿಯಬೇಕು. ಅವು ಸಕ್ಕರೆಯ ಸರಪಳಿಗಳು, ಪ್ರೋಟೀನು, ಸತ್ತ ಜೀವಕೋಶಗಳ ಡಿಎನ್‌ಎ ಎಲ್ಲವನ್ನೂ ಸೇರಿಸಿ ತಮ್ಮ ಸುತ್ತ ಅಂಟಿನ ಹೊದಿಕೆ ಕಟ್ಟಿಕೊಳ್ಳುತ್ತವೆ. ರೂಢಿಯಂತೆ ಕಾಸ್ಟಿಕ್ ಸೋಡಾದಲ್ಲಿ ತೊಳೆದೆವು. ಮೇಲಿನ ಪದರ ಕಿತ್ತುಬಂದರೂ ಬುಡ ಬಿಡಲಿಲ್ಲ. ನೀರು 1,220ಕ್ಕೆ ನಿಂತಿತು.

ಆಗ ತರಿಸಿದ್ದು ಕಿಣ್ವದ ಪುಡಿ. ಇಂಥ ಪುಡಿ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಇದರಲ್ಲಿ ಪ್ರೋಟೀನನ್ನು ತುಂಡರಿಸುವ ಪ್ರೋಟಿಯೇಸ್ ಮತ್ತು ಸಕ್ಕರೆಯ ಸರಪಳಿಗಳನ್ನು ಕಡಿಯುವ ಕಿಣ್ವಗಳಿವೆ. ಗಟ್ಟಿ ಮಾಂಸಕ್ಕೆ ಹಸಿ ಪಪ್ಪಾಯಿ ಅರೆದು ಹಚ್ಚುವುದು ಯಾವ ಕಾರಣಕ್ಕೋ, ಇದರ ಕೆಲಸವೂ ಅದೇ ಬಗೆಯದು: ಲೋಳೆಯನ್ನು ಹಿಡಿದಿಟ್ಟ ಅಂಟನ್ನೇ ಸಡಿಲಿಸುವುದು.

ಮೊದಲ ಪ್ರಯತ್ನ ಪೂರ್ತಿ ವ್ಯರ್ಥವಾಯಿತು, ಮತ್ತು ಆ ತಪ್ಪು ನಮ್ಮದೇ. ಮಳೆಗಾಲವೆಂದು ಮೇಲಿನ ಟ್ಯಾಂಕಿಗೆ ಹುಡುಗರು ಬ್ಲೀಚಿಂಗ್ ಪುಡಿ ಹಾಕಿದ್ದರು. ಅದೇ ನೀರಿನಲ್ಲಿ ನಾನು ಕಿಣ್ವವನ್ನು ಕಲಸಿದೆ. ಕಿಣ್ವವೂ ಪ್ರೋಟೀನೇ ಆದ್ದರಿಂದ ಕ್ಲೋರಿನ್ ಅದನ್ನು ಕೆಲಸ ಆರಂಭಿಸುವ ಮೊದಲೇ ಕೆಡಿಸುತ್ತದೆ, ಸಾಲದ್ದಕ್ಕೆ ಪಾಲಿಅಮೈಡ್ ಮೆಂಬ್ರೇನನ್ನೂ ಹಾಳುಮಾಡುತ್ತದೆ. ಎರಡು ಗಂಟೆ ತಿರುಗಿಸಿದರೂ ದ್ರಾವಣ ಹೋದ ಹಾಗೆಯೇ ತಿಳಿಯಾಗಿ ಮರಳಿತು.

ಎರಡನೆಯ ಸಲ, ಹಳೆಯ ಕಾಸ್ಟಿಕ್ಕಿನ ಅಂಶ ಉಳಿಯದಂತೆ ಪಿಎಚ್ ಎಂಟರ ಆಸುಪಾಸಿಗೆ ಬರುವ ತನಕ ತೊಳೆದು, ಆರ್‌ಒದ ಸಿಹಿನೀರನ್ನೇ ಬಳಸಿದೆವು. ಕಿಣ್ವಕ್ಕೆ ಬಿಸಿ ಬೇಕು, ಮೆಂಬ್ರೇನಿಗೆ 45 ಡಿಗ್ರಿ ಮೀರಬಾರದು, ಹೀಟರ್ ನಮ್ಮಲ್ಲಿಲ್ಲ. ಕಾವಲುಗಾರನ ಬಚ್ಚಲ ಹಂಡೆಯಲ್ಲಿ ಅದೇ ಸಿಹಿನೀರು ಕಾಯಿಸಿ, ಕೊಡಗಳಲ್ಲಿ ಹೊತ್ತು ತಂದು ಸುರಿದು, ಥರ್ಮಾಮೀಟರ್ ಹಿಡಿದು 38 ಡಿಗ್ರಿಗೆ ಹೊಂದಿಸಿದೆವು. ಒತ್ತಡ ಕಡಿಮೆ ಇಟ್ಟು, ಸಿಹಿನೀರಿನ ಕೊಳವೆಯನ್ನು ತೆರೆದಿಟ್ಟು ಒಂದು ಗಂಟೆ ತಿರುಗಿಸಿದೆವು; ಒತ್ತಡ ಏರಿಸಿದರೆ ಸಡಿಲವಾದ ಲೋಳೆ ಮತ್ತೆ ಮೆಂಬ್ರೇನಿಗೇ ಅಂಟಿಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಮರಳುವ ನೀರು ತೆಳ್ಳನೆಯ ಗಂಜಿಯಂತಾಯಿತು, ಆಮೇಲೆ ಅದರಲ್ಲಿ ಕಂದು ಎಳೆಗಳು ಕಾಣಿಸಿದವು. ಆ ಮೊದಲ ಕೊಳೆಯನ್ನು ಚರಂಡಿಗೆ ಬಿಟ್ಟು, ಉಳಿದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಪುನಃ ತಿರುಗಿಸಿ, ಕೊನೆಗೊಮ್ಮೆ ತೆಳು ಕಾಸ್ಟಿಕ್ ಹಾಯಿಸಿದೆವು. ನೀರು 1,420ಕ್ಕೆ ಬಂತು. ಗೇಜುಗಳ ಅಂತರ ಒಂದೂಕಾಲು ಕೆ.ಜಿ.ಗೆ ಇಳಿಯಿತು. ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ.

ಪುಡಿಯ ಬಗ್ಗೆ ನನ್ನ ತಕರಾರುಗಳೂ ಇವೆ. ಪೊಟ್ಟಣದ ಮೇಲೆ ಕಿಣ್ವದ ಸಾಮರ್ಥ್ಯ ಎಷ್ಟೆಂದು ಬರೆದಿಲ್ಲ; ತಯಾರಿಕೆಯ ದಿನಾಂಕದ ಮುದ್ರೆ ಮಸಿಯಾಗಿ ಓದಲಾಗುವುದಿಲ್ಲ. ನಮ್ಮ ಕರಾವಳಿಯ ಸೆಕೆ ಮತ್ತು ತೇವದಲ್ಲಿ ಕಿಣ್ವದ ಶಕ್ತಿ ಕುಂದುತ್ತದೆ, ಆದ್ದರಿಂದ ಇದು ಸಣ್ಣ ಲೋಪವಲ್ಲ. ಪುಡಿಯ ಧೂಳು ಉಸಿರಿನಲ್ಲಿ ಸೇರಿದರೆ ಅಲರ್ಜಿ, ಆಸ್ತಮಾ ಆಗಬಹುದೆಂಬ ಎಚ್ಚರಿಕೆಯನ್ನು ಅತಿ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚು ಮಾಡಿದ್ದಾರೆ. ಮೂಗಿಗೆ ಬಟ್ಟೆ ಕಟ್ಟದೆ ಸುರಿದ ನಾನು ಸಂಜೆಯವರೆಗೂ ಸೀನಿದೆ. ಬೆಲೆ ಒಂದು ಸಲದ ಕಾಸ್ಟಿಕ್ಕಿನ ಖರ್ಚಿನ ಹಲವು ಪಟ್ಟು.

ಪ್ರತಿ ತಿಂಗಳು ಬಳಸುವ ವಸ್ತು ಇದಲ್ಲ. ಸುಣ್ಣ, ಸಿಲಿಕಾ, ನಮ್ಮ ಕೆಮ್ಮಣ್ಣಿನ ಬಾವಿಗಳ ಕಬ್ಬಿಣ, ಇವುಗಳಿಗೆ ಕಿಣ್ವದಿಂದ ಉಪಯೋಗವಿಲ್ಲ; ಸುಣ್ಣಕ್ಕೂ ಕಬ್ಬಿಣಕ್ಕೂ ಸಿಟ್ರಿಕ್‌ನಂಥ ಆಮ್ಲವೇ ಆಗಬೇಕು. ಲೋಳೆ ಇರುವಾಗ ಮೊದಲೇ ಆಮ್ಲ ಹಾಕಿದರೆ ಅದು ಇನ್ನೂ ಗಟ್ಟಿಯಾಗುವ ಅಪಾಯವಿದೆ. ಕಿಣ್ವ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದೂ ಇಲ್ಲ, ಅವುಗಳ ಮನೆಯನ್ನು ಕೆಡವುತ್ತದೆ ಅಷ್ಟೆ. ಉಳಿದವು ಮತ್ತೆ ಕಟ್ಟಿಕೊಳ್ಳುತ್ತವೆ. ಐಸು ಮೀನಿಗೆ ತಾಗುವ ಕಾರಣ ತೊಳೆದ ನಂತರದ ಮೊದಲ ಸಿಹಿನೀರನ್ನು ಒಂದು ಗಂಟೆ ಹೊರಗೆ ಬಿಟ್ಟೆವು.

ಈ ವರ್ಷ ಮೇ ಕೊನೆಯಲ್ಲೇ ತೊಳೆದು, ಲೋಳೆ ಬೆಳೆಯದಂತೆ ತಡೆಯುವ ಶೇಕಡಾ 1ರ ಸೋಡಿಯಂ ಬೈಸಲ್ಫೈಟ್ ದ್ರಾವಣ ತುಂಬಿ ಘಟಕ ನಿಲ್ಲಿಸಲಿದ್ದೇವೆ. ವಾರಕ್ಕೊಮ್ಮೆ ಪಿಎಚ್ ನೋಡಿ, ಮೂರಕ್ಕಿಂತ ಇಳಿದಿದ್ದರೆ ದ್ರಾವಣ ಬದಲಿಸಬೇಕು. ಕಿಣ್ವದ ಒಂದು ಪೊಟ್ಟಣ ತರಿಸಿಟ್ಟಿದ್ದೇನೆ, ಈ ಸಲ ದಿನಾಂಕವನ್ನು ಫೋನಿನಲ್ಲಿ ಓದಿಸಿಕೊಂಡ ಮೇಲೆಯೇ ಹಣ ಕಳಿಸಿದ್ದು.